ಹಂದಿ ಮಾರಿದ ದುಡ್ಡು, ಮಕ್ಕಳ ಬೂಟು: ಒಂದು ಹಾಡಿನ ಹಿಂದಿನ ಕಥೆ

ಬೇಸಿಗೆಯಲ್ಲಿ ಮಕ್ಕಳೆಲ್ಲ ಬರಿಗಾಲು. ಚಳಿಗಾಲ ಬಂದರೆ ಮಾತ್ರ ಒಬ್ಬೊಬ್ಬರಿಗೆ ಒಂದು ಜೊತೆ ಹೊಸ ಬೂಟು, ಅದೂ ಅಂಚೆಯಲ್ಲಿ ತರಿಸಿದ್ದು. ದುಡ್ಡು ಎಲ್ಲಿಂದ? ಮನೆಯ ಹಂದಿ ಮಾರಿದ್ದರಿಂದ.

ಈ ಲೆಕ್ಕ ನಮಗೆ ಸಿಕ್ಕಿದ್ದು ಯಾವುದೇ ಸರ್ಕಾರಿ ಸಮೀಕ್ಷೆಯಲ್ಲಲ್ಲ, ಒಂದು ಹಾಡಿನಲ್ಲಿ. ಅಮೆರಿಕದ ಲೊರೆಟ್ಟಾ ಲಿನ್ ತಾವೇ ಬರೆದು ಹಾಡಿದ 'ಕೋಲ್ ಮೈನರ್ಸ್ ಡಾಟರ್', ಅಂದರೆ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಹಾಡು ಬಂದದ್ದು 1970ರ ಅಕ್ಟೋಬರಿನಲ್ಲಿ. ಅದೇ ಹೆಸರಿನ ಆಲ್ಬಂ ಬಂದದ್ದು 1971ರ ಜನವರಿಯಲ್ಲಿ. ಅಲ್ಲಿ ಇಂಥ ಹಾಡುಗಳನ್ನು 'ಕಂಟ್ರಿ' ಸಂಗೀತ ಎನ್ನುತ್ತಾರೆ. ಕಂಟ್ರಿ ಅಂದರೆ ಇಲ್ಲಿ ದೇಶ ಅಲ್ಲ, ಹಳ್ಳಿಗಾಡು.

ಲೊರೆಟ್ಟಾ ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಕೆಂಟಕಿ ರಾಜ್ಯದ ಪೂರ್ವದ ಬೆಟ್ಟಗಳ ನಡುವಿನ ಬುಚರ್ ಹಾಲೋ ಎಂಬ ಕಣಿವೆಯಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಟೆಡ್ ವೆಬ್ ಹತ್ತಿರದ ವ್ಯಾನ್ ಲಿಯರ್ ಗಣಿಯಲ್ಲಿ ಕೆಲಸಕ್ಕಿದ್ದರು. ವ್ಯಾನ್ ಲಿಯರ್ ಊರನ್ನು ಕಟ್ಟಿದ್ದೇ ಕಲ್ಲಿದ್ದಲು ಕಂಪನಿ. ಆ ಸೀಮೆಯ ಗಣಿ ಊರುಗಳ ರೀತಿಯೇ ಹಾಗೆ. ಮನೆ ಕಂಪನಿಯದು, ಅಂಗಡಿ ಕಂಪನಿಯದು. ಎಷ್ಟೋ ಕಡೆ ಕೂಲಿಯನ್ನೂ ಸರ್ಕಾರದ ನೋಟಿನಲ್ಲಿ ಕೊಡದೆ, ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ದುಡಿದದ್ದು ತಿರುಗಿ ದುಡಿಸಿದವರ ಗಲ್ಲಾಪೆಟ್ಟಿಗೆಗೇ.

1948ರ ಜನವರಿಯಲ್ಲಿ ಮದುವೆ. ತನಗಾಗ ಹದಿಮೂರು ಎಂದು ಲೊರೆಟ್ಟಾ ಹೇಳುತ್ತ ಬಂದರು. ಪುಸ್ತಕ, ಸಿನಿಮಾ ಎರಡರಲ್ಲೂ ಹಾಗೇ ಬಂತು. 2012ರಲ್ಲಿ ಸುದ್ದಿಸಂಸ್ಥೆಯೊಂದು ಜನನ ದಾಖಲೆ ಹುಡುಕಿ ತೆಗೆದಾಗ ತಿಳಿದದ್ದು, ಆಗ ಅವರಿಗೆ ಹದಿನೈದು ತುಂಬಿತ್ತು ಎಂದು. ಹದಿನೈದಾದರೂ ಹುಡುಗಿಯೇ, ಸಂಕಟವೇನೂ ಕಡಿಮೆಯಾಗುವುದಿಲ್ಲ. ಆದರೆ ಸುದ್ದಿ ಬರೆಯುವ ನಮ್ಮಂಥವರಿಗೆ ಇದೊಂದು ಪಾಠ: ಹೇಳಿದವರು ಎಷ್ಟೇ ದೊಡ್ಡವರಿರಲಿ, ದಾಖಲೆ ನೋಡಲೇಬೇಕು.

ಗಂಡನ ಜೊತೆ ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಊರಿಗೆ ಹೋದರು. ಇಪ್ಪತ್ತು ದಾಟುವಷ್ಟರಲ್ಲಿ ನಾಲ್ಕು ಮಕ್ಕಳು. ಮನೆಯಲ್ಲಿ ಹೆಂಡತಿ ಗುನುಗುವುದನ್ನು ಕೇಳಿದ ಗಂಡ 17 ಡಾಲರಿನ ಗಿಟಾರ್ ತಂದುಕೊಟ್ಟರು. ನುಡಿಸುವುದನ್ನು ಲೊರೆಟ್ಟಾ ತಾವೇ ಕಲಿತರು. 1960ರಲ್ಲಿ ಸಣ್ಣ ಕಂಪನಿಯೊಂದು ಮೊದಲ ರೆಕಾರ್ಡು ಹೊರತಂದಿತು. ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಊರೂರು ಸುತ್ತಿ, ಸಿಕ್ಕ ಸಿಕ್ಕ ರೇಡಿಯೊ ಕೇಂದ್ರದ ಬಾಗಿಲು ತಟ್ಟಿ, ನಮ್ಮ ಹಾಡು ಹಾಕಿ ಎಂದು ಕೇಳಿಕೊಂಡರು. ಆ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು. ಇಷ್ಟು ನೋಡಲು ತಂದೆ ಇರಲಿಲ್ಲ. 1959ರಲ್ಲೇ ತೀರಿಕೊಂಡಿದ್ದರು.

ಆ ಕಾಲದಲ್ಲಿ ಕಂಟ್ರಿ ಸಂಗೀತ ಗಂಡಸರ ಜಗತ್ತು. 1952ರಲ್ಲಿ ಕಿಟ್ಟಿ ವೆಲ್ಸ್ ಎಂಬ ಗಾಯಕಿ ಮೊದಲ ಸ್ಥಾನಕ್ಕೆ ಏರಿ ದಾರಿ ತೆರೆದಿದ್ದರು, ನಿಜ. ಆದರೂ ಹೆಂಗಸರ ರೆಕಾರ್ಡು ಮಾರಾಟವಾಗುವುದಿಲ್ಲ ಎಂಬ ಮಾತು ವ್ಯಾಪಾರಿಗಳ ಬಾಯಲ್ಲಿ ಉಳಿದೇ ಇತ್ತು. ಕುಡಿದು ಬರುವ ಗಂಡನನ್ನು ಬಾಗಿಲಲ್ಲೇ ತಡೆಯುವ ಹಾಡನ್ನು ಹೊತ್ತ ಲೊರೆಟ್ಟಾ ಅವರ 1967ರ ಆಲ್ಬಂ ಆ ಮಾತನ್ನು ಸುಳ್ಳು ಮಾಡಿತು. ಕಂಟ್ರಿ ಗಾಯಕಿಯೊಬ್ಬರ ಆಲ್ಬಮ್ಮಿಗೆ ಚಿನ್ನದ ರೆಕಾರ್ಡಿನ ಗೌರವ ಸಿಕ್ಕಿದ್ದು ಅದೇ ಮೊದಲು.

ಮತ್ತೆ ನಮ್ಮ ಹಾಡಿಗೆ ಬರೋಣ. ಇದರ ಧ್ವನಿಮುದ್ರಣ ನಡೆದದ್ದು 1969ರ ಅಕ್ಟೋಬರಿನಲ್ಲಿ. ನಿರ್ಮಾಪಕ ಓವನ್ ಬ್ರಾಡ್ಲಿ. ಲೊರೆಟ್ಟಾ ಬರೆದುಕೊಂಡು ಬಂದದ್ದು ಬಹಳ ಉದ್ದವಿತ್ತು. ಇಷ್ಟುದ್ದ ರೇಡಿಯೊದಲ್ಲಿ ನಡೆಯುವುದಿಲ್ಲ, ಕೆಲವು ಚರಣ ತೆಗೆಯಿರಿ ಎಂದರು ಬ್ರಾಡ್ಲಿ. ಲೊರೆಟ್ಟಾ ಮನಸ್ಸಿಲ್ಲದ ಮನಸ್ಸಿನಿಂದ ತೆಗೆದರು. ಉಳಿದದ್ದು ಮೂರು ನಿಮಿಷದ ಹಾಡು. ಅದೂ ಸುಮಾರು ಒಂದು ವರ್ಷ ಹೊರಗೆ ಬರದೆ ಕೂತಿತ್ತು. ನನ್ನ ಬದುಕಿನ ಕಥೆ ಯಾರಿಗೆ ಬೇಕು ಎಂಬ ಅನುಮಾನ ಬರೆದವರಿಗೇ ಇತ್ತು.

ಕೇಳಿದರೆ ಮೊದಲು ಹಿಡಿಯುವುದು ಮಾತಿನ ರೀತಿ. ಲೊರೆಟ್ಟಾ ಪೇಟೆಯವರ ಇಂಗ್ಲಿಷಿನಲ್ಲಿ ಹಾಡುವುದಿಲ್ಲ. 'ಬಾರ್ನ್' ಎನ್ನಬೇಕಾದಲ್ಲಿ 'ಬಾರ್ನ್ಡ್' ಎನ್ನುತ್ತಾರೆ. 'ಟೈರ್ಡ್' ಎಂಬುದನ್ನು ತಮ್ಮೂರಿನ ಹಾಗೆ 'ಟಾರ್ಡ್' ಎಂದು ಉಚ್ಚರಿಸಿ 'ಹಾರ್ಡ್' ಜೊತೆ ಪ್ರಾಸ ಕೂಡಿಸುತ್ತಾರೆ. ಬೆಟ್ಟದ ಜನ ಪೇಟೆಗೆ ಹೋದರೆ ಯಾವ ಉಚ್ಚಾರಣೆಗೆ ನಗೆಪಾಟಲಾಗುತ್ತಿದ್ದರೋ ಅದೇ ಉಚ್ಚಾರಣೆ ಇಲ್ಲಿ ಪ್ರಾಸವಾಗಿ ನಿಂತಿದೆ. ತಿದ್ದಿದರೆ ಪ್ರಾಸವೇ ಕೆಡುತ್ತದೆ!

ಎರಡನೆಯದು ತಾಯಿಯ ಚಿತ್ರ. ಹಾಡಿನ ಹೆಸರಿನಲ್ಲಿ ಇರುವುದು ತಂದೆಯ ಕಸುಬು. ಒಳಗೆ ತಾಯಿಯ ದುಡಿಮೆಗೂ ಅಷ್ಟೇ ಜಾಗ ಇದೆ. ಸೀಮೆಎಣ್ಣೆ ದೀಪದಲ್ಲಿ ಬೈಬಲ್ ಓದುವ ತಾಯಿ, ಬಟ್ಟೆ ಉಜ್ಜಿ ಉಜ್ಜಿ ಬೆರಳಲ್ಲಿ ರಕ್ತ ಬಂದರೂ ದೂರು ಹೇಳದ ತಾಯಿ. ಗಣಿಯ ಬಗ್ಗೆ ಹಾಡುಗಳು ಮೊದಲೂ ಇದ್ದವು. ಅವು ಹೆಚ್ಚಾಗಿ ಗಂಡಸರ ಹಾಡುಗಳು, ಸುರಂಗದ ಒಳಗಿನವು. ಇದು ಮನೆಯೊಳಗಿನ ಗಣಿ. ಹೆಂಗಸರು ಈ ರೆಕಾರ್ಡನ್ನು ಎದೆಗೆ ಹಚ್ಚಿಕೊಂಡದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನಮಗೆ ಅನ್ನಿಸುತ್ತದೆ.

ಇನ್ನೊಂದು ಕಾರಣ ವಲಸೆ. ಗಣಿಗಳಿಗೆ ಯಂತ್ರ ಬಂದ ಮೇಲೆ ಆ ಬೆಟ್ಟಗಳಿಂದ ಲಕ್ಷಾಂತರ ಜನ ಡೆಟ್ರಾಯಿಟ್, ಶಿಕಾಗೊ, ಸಿನ್ಸಿನಾಟಿಯಂಥ ಊರುಗಳ ಕಾರ್ಖಾನೆಗಳಿಗೆ ಗುಳೆ ಹೋದರು. ಹಾಡಿನ ಕೊನೆಯಲ್ಲಿ ಮಗಳು ಹಳೆ ಮನೆಗೆ ಮರಳುತ್ತಾಳೆ. ನೆಲ ಬಿಟ್ಟರೆ ಅಲ್ಲಿ ಹೆಚ್ಚೇನೂ ಉಳಿದಿಲ್ಲ. ಕಾರ್ಖಾನೆಯ ಪಾಳಿ ಮುಗಿಸಿ ಬಾಡಿಗೆ ಕೋಣೆಯಲ್ಲಿ ರೇಡಿಯೊ ಕೇಳುವವರಿಗೆ ಆ ಚರಣ ಹೇಗೆ ತಟ್ಟಿರಬಹುದು, ಊರು ಬಿಟ್ಟವರು ಯಾರಾದರೂ ಹೇಳಬಲ್ಲರು.

1970ರ ಡಿಸೆಂಬರಿನಲ್ಲಿ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಮುಟ್ಟಿತು. ಅದೇ ತಿಂಗಳ 30ರಂದು, ಅದೇ ಪೂರ್ವ ಕೆಂಟಕಿಯ ಹೈಡನ್ ಊರಿನ ಬಳಿ ಗಣಿ ಸ್ಫೋಟವಾಯಿತು. 38 ಕಾರ್ಮಿಕರು ಸತ್ತರು. ಇದಕ್ಕೆ ಮೊದಲು, 1968ರಲ್ಲಿ, ಪಶ್ಚಿಮ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿಯಲ್ಲಿ 78 ಜನ ಸತ್ತಿದ್ದರು. ಆ ಸಾವುಗಳ ಒತ್ತಡದಿಂದಲೇ ಹೊಸ ಗಣಿ ಸುರಕ್ಷತಾ ಕಾಯ್ದೆ ಬಂದಿತ್ತು. ಅಧ್ಯಕ್ಷ ನಿಕ್ಸನ್ ಅದಕ್ಕೆ ಸಹಿ ಹಾಕಿದ್ದು 1969ರ ಡಿಸೆಂಬರ್ 30ರಂದು. ಸರಿಯಾಗಿ ಒಂದು ವರ್ಷಕ್ಕೆ ಹೈಡನ್.

ಆಲ್ಬಂ ಅಂಗಡಿಗೆ ಬಂದದ್ದು ಈ ಸುದ್ದಿಯ ಬೆನ್ನಿಗೇ. ಸತ್ತವರ ಮಕ್ಕಳಿಗಾಗಿ ಲೊರೆಟ್ಟಾ ಲೂಯಿವಿಲ್ ನಗರದಲ್ಲಿ ಸಹಾಯಾರ್ಥ ಕಾರ್ಯಕ್ರಮ ನಡೆಸಿದರು. ಹಾಡು ಬರೆಯುವಾಗ ಇದಾವುದೂ ಅವರ ತಲೆಯಲ್ಲಿ ಇರಲು ಸಾಧ್ಯವಿರಲಿಲ್ಲ. ಆದರೆ ಕೇಳುವವರಿಗೆ 'ಗಣಿ ಕಾರ್ಮಿಕನ ಮಗಳು' ಎಂಬ ಮಾತು ಆ ಚಳಿಗಾಲದಲ್ಲಿ ಬೇರೆಯೇ ಆಗಿ ಕೇಳಿಸಿರಬೇಕು.

ಈ ಹಾಡು ಬಡತನಕ್ಕೆ ಬೆಲ್ಲ ಸವರುತ್ತದೆ ಎಂಬ ದೂರು ಇದೆ. ಕಂಪನಿಯ ಹೆಸರಿಲ್ಲ, ಸಂಘದ ಮಾತಿಲ್ಲ, ಶ್ವಾಸಕೋಶ ತಿನ್ನುವ ಕಲ್ಲಿದ್ದಲ ಧೂಳಿನ ಸುದ್ದಿ ಇಲ್ಲ. ಬಡತನ ಇತ್ತು, ಪ್ರೀತಿಯೂ ಇತ್ತು ಎಂದು ಮುಗಿಸುತ್ತದೆ. ನಮ್ಮಲ್ಲೂ ಈ ಬಗ್ಗೆ ವಾದ ನಡೆಯಿತು. ದೂರಿನಲ್ಲಿ ಹುರುಳಿದೆ. ಆದರೂ ರಕ್ತ ಬಂದ ಬೆರಳನ್ನು ಹಾಡಿನಲ್ಲಿ ಇಟ್ಟವರು ಏನನ್ನೂ ಮುಚ್ಚಿಟ್ಟರು ಎನ್ನಲು ನಮ್ಮಲ್ಲಿ ಹೆಚ್ಚಿನವರಿಗೆ ಮನಸ್ಸು ಬರಲಿಲ್ಲ. ಮುಂದೆ 1975ರಲ್ಲಿ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿ, ಹಲವು ರೇಡಿಯೊ ಕೇಂದ್ರಗಳು ನಿಷೇಧ ಹಾಕಿದರೂ ಹಿಂದೆ ಸರಿಯದವರು ಇದೇ ಲೊರೆಟ್ಟಾ.

ಒಂದು ಮಾತು ಹೇಳಿಬಿಡಬೇಕು. ಆಲ್ಬಮ್ಮಿನ ಹನ್ನೊಂದು ಹಾಡುಗಳಲ್ಲಿ ಊರಿನ ಕಥೆ ಹೇಳುವುದು ಇದೊಂದೇ. ಉಳಿದವುಗಳಲ್ಲಿ ಹೆಚ್ಚಿನವು ಪ್ರೀತಿ, ಮೋಸ, ಗಂಡಹೆಂಡಿರ ಜಗಳ. 'ಸ್ನೋಬರ್ಡ್', 'ಹಲೋ ಡಾರ್ಲಿನ್' ಆ ವರ್ಷ ಬೇರೆಯವರು ಹಾಡಿ ಗೆದ್ದಿದ್ದವು. ಒಂದು ಗೆದ್ದ ಹಾಡಿನ ಸುತ್ತ ಹತ್ತು ಪೋಣಿಸಿ ಮಾರುವುದು ಆಗಿನ ಕಂಟ್ರಿ ವ್ಯಾಪಾರದ ಪದ್ಧತಿ. ನಮ್ಮ ಕಿವಿಗೆ ಅವುಗಳಲ್ಲಿ ಕೆಲವು ಸಾಧಾರಣವೇ.

1976ರಲ್ಲಿ ಹಾಡಿನ ಹೆಸರಲ್ಲೇ ಆತ್ಮಕಥೆ ಬಂತು. 1980ರ ಸಿನಿಮಾದಲ್ಲಿ ಲೊರೆಟ್ಟಾ ಪಾತ್ರ ಮಾಡಿದ ಸಿಸಿ ಸ್ಪೇಸೆಕ್ ಅವರಿಗೆ ಆಸ್ಕರ್ ಸಿಕ್ಕಿತು. ಲೊರೆಟ್ಟಾ 2022ರ ಅಕ್ಟೋಬರ್ 4ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಟೆನೆಸೀ ರಾಜ್ಯದ ತಮ್ಮ ಮನೆಯಲ್ಲಿ ತೀರಿಕೊಂಡರು. ನೆಲವಷ್ಟೇ ಉಳಿದಿದೆ ಎಂದು ಹಾಡಿದ ಬುಚರ್ ಹಾಲೋ ಮನೆ ಮಾತ್ರ ಇನ್ನೂ ನಿಂತಿದೆ. ನೋಡಲು ಜನ ದೂರದಿಂದ ಆ ಕಣಿವೆ ಹತ್ತಿ ಬರುತ್ತಾರೆ.