ಹಕ್ಕಿಯನ್ನು ಬಿಟ್ಟು ಬಂದ ಬೇಲಿಗಿಡಗಳು

ಪುಣೆಯಲ್ಲಿ ನಾವಿರುವ ವಸತಿ ಸಂಕೀರ್ಣದ ಹಿಂಬದಿಯ ಗೋಡೆಯುದ್ದಕ್ಕೂ ಆಡುಸೋಗೆಯ ಹಳೆಯ ಬೇಲಿಯೊಂದಿದೆ. ಅದನ್ನು ಕಿತ್ತು ‘ಹೂವಿನ ಬೇಲಿ’ ನೆಡಬೇಕೆಂಬ ಪ್ರಸ್ತಾಪ ಕಳೆದ ವರ್ಷದ ಸಭೆಗೆ ಬಂತು. ನರ್ಸರಿಯಿಂದ ತರಿಸಿದ ಪಟ್ಟಿಯಲ್ಲಿ ಹ್ಯಾಮೇಲಿಯ, ಡುರಾಂಟ, ಬಣ್ಣಬಣ್ಣದ ತೋಟದ ಲಂಟಾನ ಮೊದಲಾದ ಹೆಸರುಗಳಿದ್ದವು. ಇವನ್ನು ನೆಟ್ಟರೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆಂಬ ಭರವಸೆಯೂ ಇತ್ತು. ನೆರೆಮನೆಯ ಹಿರಿಯರೊಬ್ಬರು, ‘ನಮ್ಮ ಬಾಲ್ಕನಿಗೆ ಆಗಲೇ ದಿನವೂ ಬರುತ್ತದೆ’ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಬಾಗಿದ ಕೊಕ್ಕು, ಬಿಸಿಲಿಗೆ ನೀಲಿಯಾಗಿ ಮಿನುಗುವ ಕಪ್ಪು ಮೈ. ಅದು ಸೂರಕ್ಕಿ.

ಹಮ್ಮಿಂಗ್‌ಬರ್ಡ್ ಭಾರತದಲ್ಲಿಲ್ಲ. ಅದರ ಸುಮಾರು ೩೬೦ ಪ್ರಭೇದಗಳೂ ಅಮೆರಿಕ ಖಂಡಗಳಿಗೆ ಮತ್ತು ಅವುಗಳ ಸುತ್ತಲಿನ ದ್ವೀಪಗಳಿಗೆ ಸೀಮಿತ. ಆದರೆ ಅದು ಮಕರಂದ ಕುಡಿಯುವ ಗಿಡಗಳಲ್ಲಿ ಹಲವು ಇಂದು ನಮ್ಮ ಬೇಲಿಗಳಲ್ಲಿವೆ. ಹಕ್ಕಿ ಅಲ್ಲಿಯೇ ಉಳಿಯಿತು, ಗಿಡಗಳು ಮಾತ್ರ ಬಂದವು. ಆ ಸಭೆಯ ಚರ್ಚೆ ನನ್ನನ್ನು ಈ ವಲಸೆಯ ಇತಿಹಾಸದತ್ತ ತಿರುಗಿಸಿತು.

ಈ ಹಕ್ಕಿ ಅಮೆರಿಕದ ಮೂಲನಿವಾಸಿಗಳಿಗೆ ಉದ್ಯಾನದ ಅಲಂಕಾರ ಮಾತ್ರವಾಗಿರಲಿಲ್ಲ. ಇಂದಿನ ಮೆಕ್ಸಿಕೊ ನಗರವಿರುವಲ್ಲಿ ರಾಜಧಾನಿಯನ್ನು ಕಟ್ಟಿದ ಅಜ್ಟೆಕರ ಯುದ್ಧದೇವತೆ ಹುಯಿಟ್ಸಿಲೊಪೋಚ್ಟ್ಲಿಯ ಹೆಸರಿನಲ್ಲಿಯೇ ಹಮ್ಮಿಂಗ್‌ಬರ್ಡ್ ಇದೆ. ಅಲ್ಲಿನ ಕುಶಲಕರ್ಮಿಗಳು ಅದರ ಗರಿಗಳಿಂದ ಚಿತ್ರಗಳನ್ನು ರಚಿಸುತ್ತಿದ್ದರು. ಯುರೋಪಿನವರಿಗಾದರೋ ಅದು ಕಂಡು ಕೇಳರಿಯದ ವಸ್ತು. ಮಾರ್ಕ್ ಕೇಟ್ಸ್‌ಬಿ ಎಂಬ ಇಂಗ್ಲಿಷ್ ನಿಸರ್ಗತಜ್ಞ ೧೭೨೯ರಿಂದ ಬಿಡಿಬಿಡಿಯಾಗಿ ಪ್ರಕಟಿಸಿದ ಅಮೆರಿಕದ ಜೀವಸಂಪತ್ತಿನ ಗ್ರಂಥದಲ್ಲಿ ಹಮ್ಮಿಂಗ್‌ಬರ್ಡನ್ನು ಒಂಟಿಯಾಗಿ ಬಿಡಿಸದೆ, ಕಹಳೆಯಾಕಾರದ ಕೆಂಪು ಹೂಬಳ್ಳಿಯೊಡನೆ ಒಂದೇ ಪುಟದಲ್ಲಿ ಬಿಡಿಸಿದ. ಹಕ್ಕಿಯನ್ನೂ ಹೂವನ್ನೂ ಬೇರ್ಪಡಿಸಿ ನೋಡಲಾಗದೆಂಬುದನ್ನು ಆ ಚಿತ್ರ ಅಂದೇ ಹೇಳಿತ್ತು.

ಆದರೆ ವ್ಯಾಪಾರ ಅವೆರಡನ್ನೂ ಬೇರ್ಪಡಿಸಿತು. ಫಿಲಡೆಲ್ಫಿಯಾದ ಬಳಿ ೧೭೨೮ರಲ್ಲಿ ತೋಟ ಮಾಡಿದ ಜಾನ್ ಬಾರ್ಟ್ರಮ್ ಎಂಬ ರೈತ, ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್ನನಿಗೆ ವರ್ಷವರ್ಷವೂ ಅಮೆರಿಕದ ಬೀಜಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಿದ್ದ. ಇಂಗ್ಲೆಂಡಿನ ಶ್ರೀಮಂತರ ಉದ್ಯಾನಗಳಲ್ಲಿ ಅಮೆರಿಕದ ಪೊದೆಗಳು ಬೆಳೆದುನಿಂತದ್ದು ಹೀಗೆ. ಹಕ್ಕಿಗಳು ಅಲ್ಲಿಗೆ ಹೋದದ್ದು ಸತ್ತ ಮೇಲೆ, ಒಣಗಿದ ತೊಗಲಿನ ರೂಪದಲ್ಲಿ. ೧೮೫೧ರಲ್ಲಿ ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಹಮ್ಮಿಂಗ್‌ಬರ್ಡ್‌ಗಳ ಪ್ರದರ್ಶನವಿಟ್ಟಾಗ ಸಾವಿರಾರು ಜನ ನೆರೆದರು; ವಿಕ್ಟೋರಿಯಾ ರಾಣಿಯೂ ಬಂದು ನೋಡಿದಳು. ಆಗ ಗೌಲ್ಡ್ ಆ ಹಕ್ಕಿಗಳ ಕುರಿತ ಐದು ಸಂಪುಟಗಳ ಮಹಾಗ್ರಂಥವನ್ನು ಹೊರತರುತ್ತಿದ್ದ. ಆದರೂ ಜೀವಂತ ಹಮ್ಮಿಂಗ್‌ಬರ್ಡನ್ನು ಅವನು ಅದುವರೆಗೆ ಒಮ್ಮೆಯೂ ಕಂಡಿರಲಿಲ್ಲ. ೧೮೫೭ರಲ್ಲಿ ಅಮೆರಿಕಕ್ಕೆ ಹೋದಾಗ ಅದು ಮೊದಲ ಬಾರಿಗೆ ಅವನ ಕಣ್ಣಿಗೆ ಬಿದ್ದದ್ದು ಬಾರ್ಟ್ರಮ್ಮನ ಆ ತೋಟದಲ್ಲಿಯೇ. ಮರಳುವಾಗ ಜೀವಂತ ಹಕ್ಕಿಗಳನ್ನು ಒಯ್ಯಲು ಯತ್ನಿಸಿದ. ಅವು ಬಹಳ ದಿನ ಬದುಕಲಿಲ್ಲ.

ಹೂವಿನ ರಚನೆಯನ್ನು ಗಮನಿಸಿದರೆ ಈ ಸಂಬಂಧದ ಮರ್ಮ ತಿಳಿಯುತ್ತದೆ. ಹಮ್ಮಿಂಗ್‌ಬರ್ಡ್ ಕೂರದೆ, ಗಾಳಿಯಲ್ಲಿ ನಿಂತಲ್ಲಿಯೇ ರೆಕ್ಕೆ ಬಡಿಯುತ್ತ ಮಕರಂದ ಹೀರುತ್ತದೆ. ಆದುದರಿಂದ ಅದನ್ನು ನೆಚ್ಚಿದ ಹೂಗಳಿಗೆ ಆಸರೆಯ ಕೊಂಬೆ ಬೇಕಿಲ್ಲ. ಅವು ತುದಿಯಲ್ಲಿ ಬಿಡುಬೀಸಾಗಿ ತೂಗುತ್ತವೆ. ಕೊಳವೆಯಾಕಾರ, ಕೆಂಪು ಅಥವಾ ಕಿತ್ತಳೆ ಬಣ್ಣ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ, ಮಕರಂದ ಧಾರಾಳ. ನಮ್ಮ ಸೂರಕ್ಕಿಯ ರೂಢಿ ಬೇರೆ. ಕ್ಷಣಕಾಲ ಗಾಳಿಯಲ್ಲಿ ನಿಲ್ಲಬಲ್ಲದಾದರೂ ಅದು ಸಾಮಾನ್ಯವಾಗಿ ಕಡ್ಡಿಯ ಮೇಲೆ ಕುಳಿತೇ ಕುಡಿಯುತ್ತದೆ. ಕೊಕ್ಕಿಗೆ ಎಟುಕದ ಹೂವಾದರೆ ಬುಡದಲ್ಲಿ ತೂತು ಮಾಡಿ ಹೀರುವುದೂ ಉಂಟು. ಆಗ ಹೂವಿಗೆ ಪರಾಗದ ಲಾಭವಿಲ್ಲ. ಈ ಎರಡು ಹಕ್ಕಿಗಳ ಹೋಲಿಕೆ ರಕ್ತಸಂಬಂಧದಿಂದ ಬಂದದ್ದಲ್ಲ, ಒಂದೇ ಕಸುಬಿನಿಂದ ಬಂದದ್ದು.

ಇಲ್ಲೊಂದು ಸೋಜಿಗವಿದೆ. ೨೦೦೪ರಲ್ಲಿ ಗೆರಾಲ್ಡ್ ಮಾಯರ್ ಎಂಬ ವಿಜ್ಞಾನಿ, ದಕ್ಷಿಣ ಜರ್ಮನಿಯಲ್ಲಿ ದೊರೆತ ಸುಮಾರು ೩ ಕೋಟಿ ವರ್ಷಗಳಿಗೂ ಹಳೆಯದಾದ ಪಳೆಯುಳಿಕೆಗಳು ಹಮ್ಮಿಂಗ್‌ಬರ್ಡಿನವೆಂದು ಗುರುತಿಸಿದರು. ಎಂದರೆ ಈ ಹಕ್ಕಿಯ ಪೂರ್ವಜರು ಒಂದು ಕಾಲಕ್ಕೆ ನಮ್ಮ ಕಡೆಯ ಭೂಭಾಗದಲ್ಲಿಯೂ ಇದ್ದು ಅಳಿದುಹೋದರು. ‘ಇದು ಅವರದು, ಅದು ನಮ್ಮದು’ ಎಂದು ಗೆರೆ ಎಳೆಯುವವರು ಎಷ್ಟು ಹಿಂದಿನ ಕಾಲದಿಂದ ಎಳೆಯಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಹಕ್ಕಿಯನ್ನು ಕರೆಯಲೆಂದು ಬೇಲಿ ನೆಡುವುದು ಹೊಸ ಕಾಲದ ಹಂಬಲ. ಬೇಲಿಯ ಹಳೆಯ ಕೆಲಸ ತಡೆಯುವುದು. ಭಾರತದಲ್ಲಿ ಅದರ ಪರಾಕಾಷ್ಠೆಯನ್ನು ಕಂಡದ್ದು ಬ್ರಿಟಿಷರ ಉಪ್ಪಿನ ಸುಂಕದ ಗಡಿ. ೧೮೬೯ರಲ್ಲಿ ಅದು ಸಿಂಧೂ ನದಿಯ ಕಡೆಯಿಂದ ಮಹಾನದಿಯವರೆಗೆ ೨,೩೦೦ ಮೈಲಿ ಚಾಚಿತ್ತು, ಕಾವಲಿಗೆ ಸುಮಾರು ೧೨,೦೦೦ ಜನರಿದ್ದರು. ಅದರ ಬಹುಭಾಗವನ್ನು ಜೀವಂತ ಬೇಲಿಯಾಗಿ ಬೆಳೆಸಲು ಮುತುವರ್ಜಿ ವಹಿಸಿದ ಅಧಿಕಾರಿ ೧೮೬೭ರಿಂದ ೧೮೭೦ರವರೆಗೆ ಸುಂಕದ ಕಮಿಷನರ್ ಆಗಿದ್ದ ಅಲನ್ ಆಕ್ಟೇವಿಯನ್ ಹ್ಯೂಮ್. ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲೊಬ್ಬನೆನಿಸಿದ ಈತ ಆ ಕಾಲದ ಭಾರತದ ಬಹುದೊಡ್ಡ ಪಕ್ಷಿಶಾಸ್ತ್ರಜ್ಞನೂ ಹೌದು. ಜಾಲಿ, ಬೋರೆ, ಕವಳೆ, ಕಳ್ಳಿಗಳ ಜೊತೆಗೆ ಅಮೆರಿಕದಿಂದ ಬಂದ ಪಾಪಾಸುಕಳ್ಳಿಯನ್ನೂ ಆ ಬೇಲಿಗೆ ಬಳಸಿದರು. ಹಕ್ಕಿಗಳನ್ನು ಅಷ್ಟು ಬಲ್ಲವನು ಗಿಡಗಳನ್ನು ಆರಿಸಿದ್ದು ಹಕ್ಕಿಗಾಗಿ ಅಲ್ಲ, ಬಡವನ ಉಪ್ಪಿನ ಮೂಟೆ ದಾಟದಿರಲೆಂದು. ೧೮೭೯ರಲ್ಲಿ ಆ ಗಡಿಯನ್ನು ಕೈಬಿಟ್ಟರು.

ಲಂಟಾನದ ಕಥೆ ಹೆಚ್ಚು ಸೌಮ್ಯವಾಗಿ ಆರಂಭವಾಗಿ ಹೆಚ್ಚು ದೂರ ಹೋಯಿತು. ಉಷ್ಣವಲಯದ ಅಮೆರಿಕದ ಈ ಪೊದೆಯನ್ನು ಯುರೋಪಿನ ಗಾಜುಮನೆಗಳಲ್ಲಿ ಕಸಿಮಾಡಿ ಬಣ್ಣಬಣ್ಣದ ತಳಿಗಳನ್ನು ಪಡೆದರು. ೧೮೦೯ರ ಸುಮಾರಿಗೆ ಅದು ಕಲಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ದನ ತಿನ್ನುವುದಿಲ್ಲ, ನೀರು ಕೇಳುವುದಿಲ್ಲ, ವರ್ಷವಿಡೀ ಹೂ ಬಿಡುತ್ತದೆ; ಬೇಲಿಗೆ ಇದಕ್ಕಿಂತ ಬೇರೇನು ಬೇಕು? ತವರಿನಲ್ಲಿ ಅದರ ಎಲೆ, ಕಾಂಡ, ಬೀಜಗಳನ್ನು ತಿಂದು ಹದ್ದುಬಸ್ತಿನಲ್ಲಿಡುವ ಕೀಟಗಳಿದ್ದವು. ಅವು ಹಡಗು ಹತ್ತಲಿಲ್ಲ. ಇಲ್ಲಿ ಪಿಕಳಾರ, ಗೊರವಂಕಗಳು ಅದರ ಕಪ್ಪು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದವು. ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದ ಸುಮಾರು ೧.೫೪ ಲಕ್ಷ ಚದರ ಕಿಲೋಮೀಟರ್ ಕಾಡನ್ನು ಅದು ಆಕ್ರಮಿಸಿದೆ. ಮರಾಠಿಯಲ್ಲಿ ಅದಕ್ಕೆ ‘ಘಾಣೇರಿ’ ಎಂದು ಹೆಸರು; ನಾರುವ ಗಿಡವೆಂದು ಅರ್ಥ.

ಇದರ ಬೆಲೆಯನ್ನು ಕೊಟ್ಟವರು ಉದ್ಯಾನದ ಒಡೆಯರಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆರಂಭದಲ್ಲಿ ಒಣಗಿದ ತರಗೆಲೆಗೆ ಸಣ್ಣದಾಗಿ ಹಚ್ಚುತ್ತಿದ್ದ ‘ತರಗು ಬೆಂಕಿ’ ಪೊದೆಗಳನ್ನು ಹಿಡಿತದಲ್ಲಿಡುತ್ತಿತ್ತೆಂದು ಅವರ ಹಿರಿಯರು ಹೇಳುತ್ತಾರೆ. ೧೯೭೪ರಲ್ಲಿ ಆ ಕಾಡು ವನ್ಯಧಾಮವಾಗಿ, ಬೆಂಕಿ ಹಚ್ಚುವುದು ನಿಷಿದ್ಧವಾದ ಮೇಲೆ ಲಂಟಾನ ದಟ್ಟವಾಯಿತೆಂಬುದು ಅವರ ಅನುಭವ. ಹುಲ್ಲು ಕುಗ್ಗಿತು, ನೆಲ್ಲಿಯ ಸಸಿಗಳು ಮೇಲೇಳದಾದವು, ಕಾಲುದಾರಿಗಳು ಮುಚ್ಚಿದವು. ಎರಡು ಶತಮಾನದ ಹಿಂದೆ ಯಾರೋ ಮಾಡಿದ ಬೇಲಿಯ ಆಯ್ಕೆ ಹೀಗೆ ಬೇರೆ ಯಾರದೋ ಅನ್ನಕ್ಕೆ ಅಡ್ಡಬಂದಿತು.

ದೂರನ್ನು ಒಂದೇ ಕಡೆಗೆ ಹೊರಿಸುವಂತಿಲ್ಲ. ನಮ್ಮ ಖಂಡದ ಬೇಲಿಗಿಡಗಳೂ ಅಲ್ಲಿ ಇದೇ ಕೆಲಸ ಮಾಡಿವೆ. ೧೮೦೬ರಲ್ಲಿ ಅಮೆರಿಕಕ್ಕೆ ಹೋದ ಜಪಾನಿನ ಹನಿಸಕಲ್ ಬಳ್ಳಿಯ ಹೂವಿಗೆ ಹಮ್ಮಿಂಗ್‌ಬರ್ಡೂ ಬರುತ್ತದೆ, ಆದರೆ ಅದು ಅಲ್ಲಿನ ಕಾಡಂಚುಗಳನ್ನು ಹೊದ್ದು ಉಸಿರುಗಟ್ಟಿಸಿದೆ. ಪೂರ್ವ ಏಷ್ಯಾದ ಮುಳ್ಳುಗುಲಾಬಿಯೊಂದನ್ನು ೧೯೩೦ರ ದಶಕದಿಂದ ಸರಕಾರವೇ ‘ಜೀವಂತ ಬೇಲಿ’ಯೆಂದು ರೈತರಿಗೆ ಹಂಚಿತು, ಇಂದು ಹಲವು ರಾಜ್ಯಗಳಲ್ಲಿ ಅದು ಕಾನೂನಿನ ಪ್ರಕಾರ ಕಳೆ. ಇನ್ನೊಂದು ಬಗೆಯ ಪರಿಣಾಮವೂ ಉಂಟು. ಕ್ಯಾಲಿಫೋರ್ನಿಯದ ದಕ್ಷಿಣಭಾಗಕ್ಕೂ ಅದರಾಚೆಯ ಮೆಕ್ಸಿಕೊದ ಅಂಚಿಗೂ ಸೀಮಿತವಾಗಿ ಗೂಡುಕಟ್ಟುತ್ತಿದ್ದ ‘ಆನ್ನಾ’ ಎಂಬ ಹಮ್ಮಿಂಗ್‌ಬರ್ಡ್, ಇಪ್ಪತ್ತನೆಯ ಶತಮಾನದಲ್ಲಿ ಮನೆಮನೆಯ ತೋಟದ ಪರದೇಶಿ ಹೂಗಳನ್ನೂ ಸಕ್ಕರೆನೀರಿನ ಬಟ್ಟಲುಗಳನ್ನೂ ಹಿಡಿದು ಕೆನಡಾದವರೆಗೆ ಹಬ್ಬಿತು. ಬೇಲಿಯ ಗಿಡ ಹಕ್ಕಿಯ ಭೂಪಟವನ್ನೇ ಬದಲಿಸಬಲ್ಲದು.

ಹಾಗಾದರೆ ನಮ್ಮ ಹಿಂಬದಿಯ ಗೋಡೆಗೆ ಯಾವ ಗಿಡ? ಹೊರಗಿನದೆಲ್ಲ ಬೇಡವೆನ್ನಲು ನನಗೆ ಬಾಯಿಲ್ಲ. ಒಗ್ಗರಣೆಯ ಮೆಣಸಿನಕಾಯಿ, ಚಟ್ನಿಪುಡಿಯ ಶೇಂಗಾ ಎರಡೂ ಅಮೆರಿಕದವು. ಊರು ಬಿಟ್ಟು ಬಂದು ಮೂವತ್ತು ವರ್ಷ ಈ ಊರಿನ ನೀರು ಕುಡಿದ ನಾನೂ ಹೊರಗಿನವನೇ. ಎಲ್ಲಿಂದ ಬಂತೆಂಬುದಕ್ಕಿಂತ ಬಂದ ನೆಲದಲ್ಲಿ ಏನು ಮಾಡುತ್ತದೆಂಬುದೇ ಕೇಳಬೇಕಾದ ಪ್ರಶ್ನೆ. ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: ಲಂಟಾನ ಬೇಡ, ಆಡುಸೋಗೆ ಇರಲಿ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೂ ಸವಾಲಾಗಿ ನಿಂತ ಆ ಗಿಡವನ್ನು ನಮ್ಮ ಹಿರಿಯರು ಬೇಲಿಗೆ ಆರಿಸಿದ್ದು ಸುಮ್ಮನೆ ಅಲ್ಲ. ಅದರ ಬಿಳಿ ಹೂವಿಗೆ ಜೇನೂ ಬರುತ್ತದೆ, ಸೂರಕ್ಕಿಯೂ ಬರುತ್ತದೆ. ನಡುವಣ ಖಾಲಿ ಜಾಗಕ್ಕೆ ಕೇಪಳ ಮತ್ತು ಧಾತಕಿಯನ್ನು ನೆಡೋಣ. ಧಾತಕಿ ಸಹ್ಯಾದ್ರಿಯ ಇಳಿಜಾರುಗಳ ಪೊದೆ. ಆಯುರ್ವೇದದವರು ಅರಿಷ್ಟಗಳನ್ನು ಹುದುಗಿಸಲು ಬಳಸುವುದು ಅದರ ಹೂವನ್ನೇ. ಎಲೆ ಉದುರುವ ಕಾಲದಲ್ಲಿ ಕೊಂಬೆಯುದ್ದಕ್ಕೂ ಕೆಂಪು ಕೊಳವೆಹೂಗಳು ತುಂಬುತ್ತವೆ, ಕುಳಿತು ಕುಡಿಯುವ ಹಕ್ಕಿಗೆ ಹೇಳಿ ಮಾಡಿಸಿದಂತೆ.

ಚರ್ಚೆ ನಡೆದು, ಗೇಟಿನ ಬಳಿ ಎರಡು ಹ್ಯಾಮೇಲಿಯ, ಉಳಿದೆಡೆ ಆಡುಸೋಗೆ, ಕೇಪಳ, ಧಾತಕಿ ಎಂದಾಯಿತು. ಸಭೆ ಮುಗಿದ ಮೇಲೆ ಆ ಹಿರಿಯರು, ಚಿಕ್ಕಂದಿನಲ್ಲಿ ತಮ್ಮ ಹಳ್ಳಿಯಲ್ಲಿ ಅದೇ ಹಕ್ಕಿಗೆ ‘ಶಿಂಜೀರ’ ಎನ್ನುತ್ತಿದ್ದರೆಂದು ನೆನಪಿಸಿಕೊಂಡರು. ನಾನು ‘ಸೂರಕ್ಕಿ’ ಎಂದೆ. ಹಮ್ಮಿಂಗ್‌ಬರ್ಡ್ ಎಂಬ ಹೆಸರು ಬರುವ ಮೊದಲು ಇಬ್ಬರ ಭಾಷೆಯಲ್ಲಿಯೂ ಆ ಹಕ್ಕಿಗೆ ಹೆಸರಿತ್ತು.

ಲಂಟಾನದ ಕಥೆಗೆ ಇತ್ತೀಚಿನ ಅಧ್ಯಾಯವೊಂದಿದೆ. ಮಲೆಮಹದೇಶ್ವರ ಬೆಟ್ಟದಲ್ಲಿ ಅದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿಗಳನ್ನು ಹೆಣೆಯುವುದನ್ನು ಕಾಡಿನ ಜನ ಕಲಿತಿದ್ದಾರೆ. ನೀಲಗಿರಿಯ ಬುಡಕಟ್ಟಿನ ಕುಶಲಕರ್ಮಿಗಳು ಅದೇ ಕಡ್ಡಿಯಿಂದ ಕಟ್ಟಿದ ಆಳೆತ್ತರದ ನೂರು ಆನೆಗಳು ೨೦೨೪ರಲ್ಲಿ ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್ ನಗರಗಳಲ್ಲಿ ಪ್ರದರ್ಶನಗೊಂಡವು. ಅಮೆರಿಕ ಖಂಡದಿಂದ ಹೂವಾಗಿ ಬಂದ ಗಿಡ ಇನ್ನೂರು ವರ್ಷಗಳ ಮೇಲೆ ನಮ್ಮ ಕಾಡಿನ ಆನೆಯ ಆಕಾರ ತಳೆದು ಅಲ್ಲಿಗೆ ಮರಳಿತು. ಅದರ ಬೇರುಗಳು ಮಾತ್ರ ಇನ್ನೂ ನಮ್ಮ ಕಾಡಿನಲ್ಲಿಯೇ ಇವೆ.