ಮನೆ ಮಾತನ್ನ ಬೀದಿಗೆ ತಂದವರು



ನಮ್ಮವರು ಯಾರಾದ್ರೂ ಜಿನೀವಾಕ್ಕೋ ನ್ಯೂಯಾರ್ಕಿಗೋ ಹೋಗಿ ಜಾತಿ ಬಗ್ಗೆ ಮಾತಾಡಿದ್ರೆ ಸಾಕು, 'ದೇಶದ ಮಾನ ಹರಾಜು ಹಾಕಿದ್ರು' ಅಂತ ಕೂಗು ಶುರುವಾಗುತ್ತೆ. ಹೊರಗೆ ಹೋಗಿ ಮಾತಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಆಲಿವರ್ ಟಾಂಬೊ ಚರಿತ್ರೆ ನೋಡಬೇಕು. ಮಂಡೇಲಾ ಎಲ್ಲರಿಗೂ ಗೊತ್ತು. ಜೋಹಾನ್ಸ್‌ಬರ್ಗ್‌ನಲ್ಲಿ ಅವರ ಜೊತೆ ವಕೀಲಿ ಮಾಡ್ತಿದ್ದ ಟಾಂಬೊ ಅಷ್ಟು ಗೊತ್ತಿಲ್ಲ.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನ ಕರಿಯರನ್ನ ಗುಂಡಿಟ್ಟು ಕೊಂದರು. ಕೆಲವೇ ದಿನದಲ್ಲಿ ಟಾಂಬೊ ಗಡಿ ದಾಟಿದರು. ಅದರ ಹಿಂದೆಯೇ ಅವರ ಪಕ್ಷ ಎಎನ್‌ಸಿ ನಿಷೇಧವಾಯ್ತು. ವಾಪಸ್ ಬಂದಿದ್ದು 1990ರ ಡಿಸೆಂಬರಿನಲ್ಲಿ. ಅಷ್ಟೂ ವರ್ಷ ಲಂಡನ್ನಿನಲ್ಲಿ ನರ್ಸ್ ಕೆಲಸ ಮಾಡಿ ಮೂರು ಮಕ್ಕಳನ್ನ ಸಾಕಿದವರು ಹೆಂಡತಿ ಅಡಿಲೇಡ್. (ಹೋರಾಟದ ಚರಿತ್ರೆ ಬರೆಯೋರು ಈ ಸಾಲನ್ನ ಯಾವಾಗ್ಲೂ ಬಿಟ್ಟುಬಿಡ್ತಾರೆ.)

ಟಾಂಬೊಗೆ ಓಟಿಲ್ಲ, ಅಧಿಕಾರವಿಲ್ಲ, ನಿಲ್ಲೋಕೆ ಸ್ವಂತ ನೆಲವಿಲ್ಲ. ಆಶ್ರಯ ಕೊಟ್ಟವರೂ ಕೈಬಿಡಬಹುದು. 1984ರಲ್ಲಿ ಮೊಜಾಂಬಿಕ್ ಬಿಳಿಯರ ಸರ್ಕಾರದ ಒತ್ತಡಕ್ಕೆ ಮಣಿದು ಒಪ್ಪಂದಕ್ಕೆ ಸಹಿ ಹಾಕಿ ಎಎನ್‌ಸಿಯವರನ್ನ ಹೊರಗೆ ಕಳಿಸಿತು. 1987ರಲ್ಲೂ ಥ್ಯಾಚರ್ ಇವರನ್ನ ಭಯೋತ್ಪಾದಕರು ಅಂತಲೇ ಕರೀತಿದ್ದರು.

ಅಮೆರಿಕದಲ್ಲಿ ರೇಗನ್ ಕೂಡ ಪ್ರಿಟೋರಿಯಾ ಜೊತೆ ಸ್ನೇಹದಲ್ಲೇ ಇದ್ದು ತಿದ್ದೋಣ ಅನ್ನೋ ನೀತಿಯವರು. 1984ರ ಡಿಸೆಂಬರಿನಲ್ಲಿ, ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಬಿಷಪ್ ಡೆಸ್ಮಂಡ್ ಟುಟು ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಆ ನೀತಿಯನ್ನ ಖಂಡಿಸಿದರು, ರೇಗನ್‌ರನ್ನೂ ಭೇಟಿಯಾದರು. ರೇಗನ್ ಮನಸ್ಸು ಕರಗಲಿಲ್ಲ. ಅವರನ್ನೇ ನಂಬಿ ಕೂತಿದ್ದರೆ ಇವತ್ತಿಗೂ ಕೂತಿರಬೇಕಿತ್ತು.

ಕೆಲಸ ಆಗಿದ್ದು ಬೇರೆ ಕಡೆಯಿಂದ. 1965ರ ಮತದಾನದ ಹಕ್ಕಿನ ಕಾಯ್ದೆ ಬಂದ ಮೇಲೆ ಅಮೆರಿಕದ ಕರಿಯರು ಹೆಚ್ಚೆಚ್ಚು ಸಂಸತ್ತಿಗೆ ಗೆದ್ದು ಬಂದಿದ್ದರು. ಅವರಲ್ಲಿ ರೊನಾಲ್ಡ್ ಡೆಲಮ್ಸ್ 1972ರಲ್ಲೇ ದಿಗ್ಬಂಧನದ ಮಸೂದೆ ತಂದಿದ್ದರು. ಆಗ ಕೇಳೋರಿರಲಿಲ್ಲ. 1984ರ ನವೆಂಬರಿನಿಂದ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಮುಂದೆ ದಿನಾ ಧರಣಿ, ದಿನಾ ಬಂಧನ. ಚರ್ಚು, ಯೂನಿಯನ್, ಕಾಲೇಜು ಹುಡುಗರು ಎಲ್ಲ ಸೇರಿಕೊಂಡರು. 1986ರಲ್ಲಿ ದಿಗ್ಬಂಧನದ ಕಾಯ್ದೆ ಪಾಸಾಯ್ತು, ರೇಗನ್ ವಿಟೋ ಹಾಕಿದರು. ಸಂಸತ್ತು ಅದನ್ನೂ ತಳ್ಳಿಹಾಕಿತು. ಕೆಳಮನೆಯಲ್ಲಿ 313ಕ್ಕೆ 83, ಸೆನೆಟ್‌ನಲ್ಲಿ 78ಕ್ಕೆ 21. ಸೆನೆಟ್‌ನಲ್ಲಿ ಆಗ ಬಹುಮತ ಇದ್ದಿದ್ದು ರೇಗನ್ ಪಕ್ಷಕ್ಕೇ!

ದಿಗ್ಬಂಧನ ತೆಗೀಬೇಕಾದ್ರೆ ಏನೇನಾಗಬೇಕು ಅಂತ ಆ ಕಾಯ್ದೆ ಪಟ್ಟಿ ಮಾಡಿತ್ತು. ಅದರಲ್ಲಿ ಮಂಡೇಲಾ ಬಿಡುಗಡೆ ಹೆಸರು ಹಿಡಿದು ಬರೆದಿತ್ತು. ಫೈಲಿನಲ್ಲಿ ಒಂದು ಷರತ್ತು ಕೂತರೆ ಅದರ ತೂಕ ಎಷ್ಟು ಅನ್ನೋದು ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು. 1987ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಶುಲ್ಟ್ಸ್ ವಾಷಿಂಗ್ಟನ್ನಿನಲ್ಲಿ ಟಾಂಬೊ ಎದುರು ಕೂತು ಮಾತಾಡಿದರು.

ಈಗ ನಮ್ಮ ದೇಶಕ್ಕೆ ಬರೋಣ. ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಮೊದಲು ನಿಲ್ಲಿಸಿದ್ದು ಭಾರತ, 1946ರಲ್ಲಿ. ಅಲ್ಲಿನ ಭಾರತೀಯರ ಮೇಲಿನ ತಾರತಮ್ಯವನ್ನ ವಿಶ್ವಸಂಸ್ಥೆಗೆ ಒಯ್ದಿದ್ದೂ ನಾವೇ. ಅಂದಿನ ಎಎನ್‌ಸಿ ಅಧ್ಯಕ್ಷ ಡಾ. ಕ್ಸೂಮಾ ಕೂಡ ನ್ಯೂಯಾರ್ಕಿಗೆ ಹೋಗಿ ದೇಶದೇಶಗಳ ಪ್ರತಿನಿಧಿಗಳನ್ನ ಕಂಡರು. 'ಇದು ನಮ್ಮ ಆಂತರಿಕ ವಿಷಯ' ಅಂತ ದಕ್ಷಿಣ ಆಫ್ರಿಕಾ ವಾದಿಸಿತು. ಭಾರತ ಒಪ್ಪಲಿಲ್ಲ. ಸರಿಯಾಗೇ ಮಾಡಿತು.

ಅದೇ 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡು ಬೊಯಿಸ್‌ಗೆ ಪತ್ರ ಬರೆದು, ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ಅಸ್ಪೃಶ್ಯರ ಸ್ಥಿತಿ ಬಗ್ಗೆ ವಿಶ್ವಸಂಸ್ಥೆಗೆ ಕೊಡೋಕೆ ವರದಿ ಸಿದ್ಧಮಾಡಿದ್ದೆ, ಸಂವಿಧಾನ ಸಭೆಗೂ ಮುಂದಿನ ಸಂಸತ್ತಿಗೂ ಒಂದು ಅವಕಾಶ ಕೊಡೋಣ ಅಂತ ಸಲ್ಲಿಸಲಿಲ್ಲ ಅಂತ 1951ರ ರಾಜೀನಾಮೆ ಹೇಳಿಕೆಯಲ್ಲಿ ಅವರೇ ಬರೆದಿದ್ದಾರೆ.

ಐವತ್ತು ವರ್ಷ ಕಾದ ಮೇಲೆ, 2001ರಲ್ಲಿ ನಮ್ಮವರು ಹೋದರು. ಎಲ್ಲಿಗೆ? ಡರ್ಬನ್‌ಗೆ. ಟಾಂಬೊ ನಾಡಿಗೇ! ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ. ಜಾತಿ ಜನಾಂಗವಲ್ಲ, ಅದು ನಮ್ಮ ಆಂತರಿಕ ವಿಷಯ ಅಂತ ಅಲ್ಲಿ ವಾದಿಸಿದ್ದು ಭಾರತ ಸರ್ಕಾರ. ಅಂತಿಮ ಘೋಷಣೆಯಲ್ಲಿ ಜಾತಿ ಅನ್ನೋ ಪದವೇ ಬರಲಿಲ್ಲ.

ನಮ್ಮವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 2002ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ, ಹುಟ್ಟಿನ ಆಧಾರದ ತಾರತಮ್ಯದೊಳಗೆ ಜಾತಿಯೂ ಬರುತ್ತೆ ಅಂತ ಬರೆದು ದಾಖಲಿಸಿತು.