ವಸತಿ: ನೆಲೆಸುವುದರ ಹೆಸರು

ವಸತಿ

ಅಮೆರಿಕದ ನಗರಗಳ ಬಜೆಟ್ ಸುದ್ದಿ ಕನ್ನಡಕ್ಕೆ ಬರುವಾಗ ‘ವಸತಿ ವೋಚರ್’ ಎಂಬ ಜೋಡುಪದ ಕಾಣಿಸುತ್ತದೆ. ಅಲ್ಲಿ ವಸತಿಯನ್ನು ಬರೀ ಕಟ್ಟಡವೆಂದು ಓದಿಕೊಳ್ಳುವವರೇ ಹೆಚ್ಚು.

ಸಂಸ್ಕೃತದ ‘ವಸ್’ ಧಾತುವಿಗೆ ನೆಲೆಸು, ತಂಗು ಎಂದರ್ಥ. ವಾಸ, ನಿವಾಸ, ಪ್ರವಾಸಗಳೆಲ್ಲ ಅದರ ಸಂತಾನ. ವಸತಿಗೆ ರಾತ್ರಿ ತಂಗುವುದು ಎಂಬ ಹಳೆಯ ಅರ್ಥವೂ ಉಂಟು. ಉತ್ತರ ಕರ್ನಾಟಕದ ‘ವಸ್ತಿ ಬಸ್ಸು’ ಅದನ್ನು ಇಂದಿಗೂ ಉಳಿಸಿಕೊಂಡಿದೆ. ಇದೇ ಪದ ಕನ್ನಡದಲ್ಲಿ ‘ಬಸದಿ’ಯಾಗಿ ಜೈನರ ದೇಗುಲಕ್ಕೆ ಹೆಸರಾಯಿತು. ಮರಾಠಿಯ ವಸ್ತಿ, ಹಿಂದಿಯ ಬಸ್ತಿ ಎರಡೂ ಜನ ನೆಲೆಸಿದ ಜಾಗಗಳೇ. ‘ಇದ್ದ’ ಎಂಬರ್ಥದ ಇಂಗ್ಲಿಷಿನ ‘ವಾಸ್’ ಕೂಡ ದೂರದ ನಂಟ.

ಮೂಲದಲ್ಲಿ ವಸತಿ ಒಂದು ಕ್ರಿಯೆ. ವೋಚರಿನ ವಿಷಯದಲ್ಲೂ ಇದು ಕಾಣುತ್ತದೆ. ಅಮೆರಿಕದಲ್ಲಿ ಸರ್ಕಾರ ಬಡವರಿಗೆ ಕೊಡುವ ಈ ವೋಚರ್ ಬಾಡಿಗೆಯ ಬಹುಪಾಲನ್ನು ಭರಿಸುತ್ತದೆ. ಬಾಡಿಗೆದಾರರು ಸಾಮಾನ್ಯವಾಗಿ ತಮ್ಮ ಆದಾಯದ ಶೇ 30ರಷ್ಟು ಕೊಡುತ್ತಾರೆ. ಆದರೆ ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದವರಿಗೆ ಗುರುತಿನ ಚೀಟಿ ಮಾಡಿಸಲು, ಮನೆ ಕೊಡಲು ಒಪ್ಪುವ ಮಾಲೀಕರನ್ನು ಹುಡುಕಲು, ಔಷಧಿ ತಪ್ಪದಂತೆ ನೋಡಿಕೊಳ್ಳಲು ಒಬ್ಬರು ಸಮಾಜ ಕಾರ್ಯಕರ್ತರು ಬೇಕು. ಅಲ್ಲಿ ಈ ನೆರವನ್ನು ಕೇಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಮಾಜಿ ಸೈನಿಕರಿಗಾಗಿ 1992ರಲ್ಲಿ ಶುರುವಾದ ಹಡ್-ವಾಶ್ ಯೋಜನೆ ವೋಚರನ್ನೂ ಈ ನೆರವನ್ನೂ ಜೊತೆಯಾಗಿಯೇ ಕೊಡುತ್ತದೆ. ಉಳಿದವರ ವಿಷಯದಲ್ಲಿ ಈ ಖರ್ಚಿನ ಹೊರೆ ಹಲವೆಡೆ ನಗರಾಡಳಿತದ ಮೇಲೆ ಬೀಳುತ್ತದೆ. ಅದು ಹೊರಲೇಬೇಕಾದ ಹೊರೆ. ಅದಿಲ್ಲದೆ ಬೀಗದ ಕೈ ಸಿಗಬಹುದು, ವಸತಿ ಸಿಗದು.

ಇನ್ನೊಂದು ಮಾತು. ದೇಶ ಬಿಟ್ಟು ಬಂದವರನ್ನೂ ‘ನಿರಾಶ್ರಿತರು’ ಎನ್ನುವುದರಿಂದ, ಮನೆಯಿಲ್ಲದವರನ್ನು ಪತ್ರಿಕೆಗಳು ‘ವಸತಿರಹಿತರು’ ಎಂದೇ ಬರೆಯುವುದು ಲೇಸು.